ಎಪ್ಪತ್ತೊಂದು ಯಜಮಾನರ ನಾಡಿನಲ್ಲಿ ಮೊಸರನ್ನ

ಇಸ್ರೇಲಿಗೆ ಹೋಗಿ ಬಂದವಳು ಅಂದ ಕೂಡಲೇ ನಮ್ಮ ಕಡೆಯವರು ಕೇಳುವುದು ಒಂದೇ ಪ್ರಶ್ನೆ: ಅಲ್ಲಿಯ ಹಸು ದಿನಕ್ಕೆ ಎಷ್ಟು ಹಾಲು ಕೊಡುತ್ತೆ? ನಮ್ಮ ಸೀಮೆಗೆ ಆ ದೇಶದ ಹೆಸರು ಗೊತ್ತಿರುವುದೇ ಹನಿ ನೀರಾವರಿಯಿಂದ ಮತ್ತು ಹಸುಗಳಿಂದ. ಕೇಳಿದವರಿಗೆಲ್ಲ ನಿರಾಸೆ ಮಾಡಿದ್ದೇನೆ. ಅಲ್ಲಿದ್ದಷ್ಟು ದಿನ ನಾನು ಹಸು ನೋಡಿದ್ದು ಬಸ್ಸಿನ ಕಿಟಕಿಯಿಂದ, ಅದೂ ಅವುಗಳ ಬಾಲದ ಕಡೆಯಿಂದ. ನಾನು ನೋಡಿ ಬಂದದ್ದು ಹಸುವನ್ನಲ್ಲ, ಒಂದು ಪಂಚಾಯಿತಿಯನ್ನು. ಆ ಪಂಚಾಯಿತಿ ಎದ್ದು ಹೋಗಿ ಸಾವಿರದೈನೂರು ವರ್ಷದ ಮೇಲಾಗಿದೆ, ಆದರೂ ನನ್ನ ಮಟ್ಟಿಗೆ ಅದು ಕೆಲವು ತಿಂಗಳ ಹಿಂದಷ್ಟೇ ಬೇತಮಂಗಲದ ಪಕ್ಕದ ನಮ್ಮೂರಲ್ಲೇ ಕೂತು ಎದ್ದಿತು.

ಬಂಗಾರಪೇಟೆಯಿಂದ ಹೊರಟದ್ದು

ಈ ಪ್ರಯಾಣದ ಯೋಗ ನಿಜವಾಗಿ ನನ್ನದಲ್ಲ, ಸ್ಟೆಲ್ಲಾ ಸಿಸ್ಟರ್ ಅವರ ತಂಗಿಯದು. ಸಿಸ್ಟರ್ ಅಂದರೆ ಮಠದ ಸಿಸ್ಟರ್ ಅಲ್ಲ, ಆಸ್ಪತ್ರೆ ಸಿಸ್ಟರ್. ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನ ಲೈನ್ ಮನೆಯಲ್ಲಿ ಹುಟ್ಟಿದ ಗಣಿ ಕಾರ್ಮಿಕರ ಮಗಳು. ನರ್ಸಾಗಿ ಬೇತಮಂಗಲಕ್ಕೆ ಬಂದು ನನ್ನ ಎರಡೂ ಹೆರಿಗೆ ಮಾಡಿಸಿದವರು. ಆವತ್ತು ನನ್ನನ್ನು ಬಯ್ಯಲು ಶುರು ಮಾಡಿದವರು ನಿವೃತ್ತರಾದ ಮೇಲೂ ನಿಲ್ಲಿಸಿಲ್ಲ. ಅವರ ಚರ್ಚಿನಿಂದ ಒಂದು ಗುಂಪು ಯೇಸುವಿನ ನಾಡು ನೋಡಲು ಹೊರಟಿತ್ತು. ಅಲ್ಲಿಯ ಗಲಾಟೆ, ಗುಂಡಿನ ಸದ್ದಿನಿಂದಾಗಿ ಎರಡು ಸಲ ಮುಂದಕ್ಕೆ ಹೋಗಿ, ಕೊನೆಗೆ ಹೊರಡುವ ಕಾಲ ಬಂದಾಗ ತಂಗಿಯ ಮಂಡಿ ಕೈಕೊಟ್ಟಿತು.

"ಜಯಮ್ಮಾ, ನೀ ಬಾ ಮಾ," ಅಂದರು ಸಿಸ್ಟರ್. "ಒಬ್ಳೇ ಓಗಕ್ಕೆ ನನ್ ಕೈಲಿ ಆಗಲ್ಲ. ರೂಮಲ್ಲಿ ಬಯ್ಯಕ್ಕೆ ಒಬ್ರು ಬೇಕಲ್ಲ."

"ನಾನು ಶನಿವಾರ ಆಂಜನೇಯಂಗೆ ಒಪ್ಪತ್ತು ಮಾಡೋಳು ಸಿಸ್ಟರ್. ನಿಮ್ ದೇವ್ರ ತಾವ ನಂಗೇನ್ ಕೆಲ್ಸ?"

"ಯೇಸಪ್ಪ ಬೇಡ ಅನ್ನಲ್ಲ ಬಿಡು. ಆಂಜನೇಯಂಗೆ ನಾನ್ ಏಳ್ತೀನಿ."

ಆಂಜನೇಯನಿಗೆ ಏನು ಹೇಳಿದರೋ ಕಾಣೆ, ನನ್ನ ಯಜಮಾನರಂತೂ ಒಪ್ಪಿದರು. ಮೂರು ಹಸು ನಾನು ನೋಡ್ಕೊತೀನಿ, ನೀನು ಓಗ್ಬಾ ಅಂದರು. ಹೀಗೆ ಹೇಳುವಾಗ ಅವರ ಮುಖದಲ್ಲಿ ಇದ್ದ ಖುಷಿಯನ್ನು ನಾನು ಮರೆತಿಲ್ಲ.

ಒಂದೇ ತೊಡಕು ಇದ್ದದ್ದು ಡೇರಿಯದು. ನಮ್ಮೂರ ಹಾಲಿನ ಡೇರಿಯ ಕಮಿಟಿಯಲ್ಲಿ ನಾನೊಬ್ಬಳೇ ಹೆಂಗಸು. ಅಧ್ಯಕ್ಷರು ನಮ್ಮ ಬಾವ, ಅಂದರೆ ಯಜಮಾನರ ಅಣ್ಣ. ಬಾವ ಒಳ್ಳೆಯವರು, ಖಡಕ್ಕು. ಹಾಲಿಗೂ ನೀರಿಗೂ ನಡುವೆ ಇರುವ ಗೆರೆಯೇ ಲೋಕದ ಧರ್ಮ ಅಂತ ನಂಬಿದವರು. ಅವರ ದೊಡ್ಡ ಹೆಮ್ಮೆ ಏನೆಂದರೆ ನಮ್ಮ ಡೇರಿಯ ತೀರ್ಮಾನಗಳೆಲ್ಲ ಒಮ್ಮತದ್ದು. ಬಾವ ತಮ್ಮ ಮಾತು ಮೊದಲು ಹೇಳುತ್ತಾರೆ. ಆಮೇಲೆ ಸಾಲಾಗಿ ಕೂತವರು ಒಬ್ಬೊಬ್ಬರಾಗಿ ಹೂಂ ಅನ್ನುತ್ತಾರೆ. ಕೊನೆಗೆ ಬಾಗಿಲ ಪಕ್ಕದ ಕುರ್ಚಿಯ ಕಡೆ ತಿರುಗಿ, "ಏನಮ್ಮಾ ಜಯಮ್ಮ, ನಿಂದೂ ಊಂ ತಾನೆ?" ಅನ್ನುತ್ತಾರೆ. ನಾನು ಸೆರಗು ಸರಿ ಮಾಡಿಕೊಂಡು ಹೂಂ ಅನ್ನುತ್ತೇನೆ. ಟೀ ಬರುತ್ತದೆ.

ಈ ಸಲ ಹೂಂ ಅನ್ನಬೇಕಾಗಿದ್ದದ್ದು ನಂಜಮ್ಮನ ವಿಷಯಕ್ಕೆ. ನಂಜಮ್ಮನ ಮನೆ ನಮ್ಮ ಹಿತ್ತಲಿಗೆ ಅಂಟಿಕೊಂಡೇ ಇದೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಇರುವುದು ಒಂದು ಸೀಮೆ ಹಸು, ಅದೇ ಅವಳ ಬದುಕು. ಅವಳು ಡೇರಿಗೆ ತಂದ ಹಾಲಲ್ಲಿ ನೀರಿದೆ ಅಂತ ಮೀಟರು ಒಂದು ಸಲ ತೋರಿಸಿತು, ಬಾವ ಎಚ್ಚರಿಕೆ ಕೊಟ್ಟರು. ಮತ್ತೆ ತೋರಿಸಿತು, ಬಾವ ಕೆಂಡವಾದರು. ಅವಳ ಹೆಸರನ್ನೇ ತೆಗೆದುಹಾಕಬೇಕು, ಅವಳ ಕ್ಯಾನು ಇನ್ನು ಡೇರಿ ಮೆಟ್ಟಿಲು ಹತ್ತಕೂಡದು ಅಂತ ತೀರ್ಮಾನಿಸಲು ಸಭೆ ಗೊತ್ತಾಯಿತು. ನಮ್ಮೂರಲ್ಲಿ ಹಾಲು ಕೊಳ್ಳುವವರು ಬೇರೆ ಯಾರೂ ಇಲ್ಲ. ಹೆಸರು ಹೋದರೆ ಹಸು ಮಾರಬೇಕು, ಅಷ್ಟೇ. ಸಭೆಯ ದಿನ ನಾನು ಜೆರುಸಲೇಮಿನಲ್ಲಿ ಇರುತ್ತೇನೆ ಅಂದಾಗ ಬಾವ ಸುಲಭವಾಗಿ ಬಗೆಹರಿಸಿದರು.

"ಫೋನ್ ಮಾಡ್ತೀನಿ ಕಣಮ್ಮ. ಅಲ್ಲಿಂದ್ಲೇ ಊಂ ಅಂದ್ಬುಡು. ಒಮ್ಮತ ಆಗೋಯ್ತದೆ."

ಆಗಲಿ ಬಾವ ಅಂದೆ. ನನಗೂ ಅನುಮಾನವಿರಲಿಲ್ಲ. ನೀರು ಬಿದ್ದಿತ್ತು, ಇನ್ನೇನು ಮಾತು?

ಹೊರಡುವ ಬೆಳಗ್ಗೆ ನಂಜಮ್ಮ ಹಿತ್ತಲ ಬಾಗಿಲಿಗೆ ಬಂದಳು. ತನ್ನ ವಿಷಯ ಎತ್ತುತ್ತಾಳೆ ಅಂದುಕೊಂಡು ನಾನು ಗಡಿಬಿಡಿಯಲ್ಲಿರುವವಳಂತೆ ನಟಿಸಿದೆ. ಅವಳು ಎತ್ತಲಿಲ್ಲ. ಕರಿದ ಮಜ್ಜಿಗೆ ಮೆಣಸಿನಕಾಯಿ ತುಂಬಿದ ಒಂದು ಡಬ್ಬಿ ಕೈಗಿಟ್ಟು, "ಅಲ್ಲೆಲ್ಲ ಊಟ ಸಪ್ಪೆ ಅಂತೆ ಕಣಕ್ಕಾ. ಮೊಸರನ್ನಕ್ಕೆ ನಂಚ್ಕೊ," ಅಂದು ಹೋದಳು.

ಆ ದೇಶದ ವಿಮಾನ ನಿಲ್ದಾಣದಲ್ಲಿ ಇಳಿದಾಗ ಒಬ್ಬ ಅಧಿಕಾರಿಣಿ ಆ ಡಬ್ಬಿ ತೆಗೆದು ಮೂಸಿದಳು. ಮೂಸಿದವಳು ಒಂದೇ ಸಮನೆ ಸೀನಿದಳು. ಕಣ್ಣೊರೆಸಿಕೊಂಡು, ನಮ್ಮ ದೇಶಕ್ಕೆ ಯಾಕೆ ಬಂದಿರಿ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಸಿಸ್ಟರ್ ಎದೆಯುಬ್ಬಿಸಿ "ಜೀಸಸ್" ಅಂದರು. ನನ್ನ ಸರದಿ ಬಂದಾಗ ನಾನು ಸಿಸ್ಟರ್ ಕಡೆ ಬೆರಳು ತೋರಿಸಿದೆ. ಇಬ್ಬರನ್ನೂ ಬಿಟ್ಟಳು.

ತಿಬೇರಿಯಾ: ಒಂದು ತಟ್ಟೆಯ ವಿಚಾರಣೆ

ಗಲಿಲಿ ಸಮುದ್ರ ಅಂತ ಸಿಸ್ಟರ್ ಬಾಯಲ್ಲಿ ವರ್ಷಗಟ್ಟಲೆ ಕೇಳಿದ್ದೆ. ಹೋಗಿ ನೋಡಿದರೆ ಅದು ಸಿಹಿನೀರಿನ ದೊಡ್ಡ ಕೆರೆ. ಆಚೆ ದಡದ ಗುಡ್ಡ ಚೆನ್ನಾಗಿಯೇ ಕಾಣುತ್ತಿತ್ತು. ಸಿಸ್ಟರಿಗೆ ಸ್ವಲ್ಪ ನಿರಾಸೆಯಾಗಿದ್ದು ಮುಖದಲ್ಲೇ ಗೊತ್ತಾಯಿತು, ಆದರೆ ಒಪ್ಪಿಕೊಳ್ಳುವ ಜಾತಿಯಲ್ಲ. "ಬೇತಮಂಗ್ಲ ಕೆರೆ ಕೋಡಿ ಬಿದ್ದಾಗ ನೋಡ್ಬೇಕು ಮಾ, ಇದರ ತಮ್ಮನೇ," ಅಂದರು. ನಮ್ಮ ಕೆರೆಯನ್ನು ಹೊಗಳಿದರೋ ಅವರ ಸಮುದ್ರವನ್ನು ತೆಗಳಿದರೋ ಗೊತ್ತಾಗದಂತೆ.

ಊರು ತೋರಿಸಲು ನಮಗೆ ಸಿಕ್ಕವರು ಮಿರಿಯಮ್ ಅನ್ನುವ ಹಿರಿಯ ಹೆಂಗಸು. ಯಹೂದಿಗಳು. ಹುಟ್ಟಿದ್ದು ಕೊಚ್ಚಿಯ ಹತ್ತಿರ. ಚಿಕ್ಕ ಹುಡುಗಿಯಾಗಿದ್ದಾಗ ಮನೆಯವರೆಲ್ಲ ಆ ದೇಶಕ್ಕೆ ಹೋದರಂತೆ. ಅಮ್ಮ ಅಜ್ಜಿಯರ ಮಲಯಾಳಂ ಇನ್ನೂ ಬಾಯಲ್ಲಿದೆ. ಸಿಸ್ಟರ್ ಕೋಲಾರ ಚಿನ್ನದ ಗಣಿಯ ತಮಿಳಲ್ಲಿ ಕೇಳಿದರೆ ಅವರು ಮಲಯಾಳದಲ್ಲಿ ಹೇಳುತ್ತಿದ್ದರು, ನಡುವೆ ನಾನು ಕನ್ನಡವನ್ನೂ ತೆಲುಗನ್ನೂ ಸೇರಿಸುತ್ತಿದ್ದೆ. ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಡೆಯುವ ಮಾತು ಇನ್ನು ಹೇಗಿರುತ್ತದೆ? ನನಗೆ ಮನೆಯಲ್ಲಿದ್ದಂತೆಯೇ ಆಯಿತು.

ಎಡವಟ್ಟಾದದ್ದು ಸಂಜೆಯ ಊಟದಲ್ಲಿ. ಬೆಳಗಿನ ತಿಂಡಿಗೆ ಆ ಹೋಟೆಲಿನಲ್ಲಿ ಹಾಲು, ಮೊಸರು, ಬೆಣ್ಣೆ, ಎಂಥೆಂಥದೋ ಚೀಸುಗಳು ಹೊಳೆಯಂತೆ ಹರಿದಿದ್ದವು. ಸಂಜೆ ನೋಡಿದರೆ ಎಲ್ಲೆಲ್ಲೂ ಕೋಳಿ, ಕುರಿ. ಒಂದು ತೊಟ್ಟು ಮೊಸರಿಲ್ಲ. ಮೂರು ಹಸು ಸಾಕಿದವಳು ಮೊಸರಿಲ್ಲದೆ ಊಟ ಮುಗಿಸುವುದು ಹೇಗೆ? ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಳ್ಳುತ್ತಾ ಬೆಳಗ್ಗೆ ಡಬ್ಬಿಯಲ್ಲಿ ಎತ್ತಿಟ್ಟುಕೊಂಡಿದ್ದ ಮೊಸರನ್ನು ಚೀಲದಿಂದ ತೆಗೆದು ಅನ್ನಕ್ಕೆ ಸುರಿದೆ. ಬಡಿಸುವವನೊಬ್ಬ ನೋಡಿದ. ನೋಡಿದವನು ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ಒಳಗೆ ಓಡಿದ.

ಮಿರಿಯಮ್ ತಲೆ ಮೇಲೆ ಕೈಯಿಟ್ಟುಕೊಂಡು ಬಂದರು. ಅವರಲ್ಲಿ ಹಾಲಿನದೂ ಮಾಂಸದ್ದೂ ಒಂದೇ ಮೇಜಿನ ಮೇಲೆ ಕೂಡದಂತೆ. ತಟ್ಟೆ ಬೇರೆ, ಚಮಚ ಬೇರೆ, ತೊಳೆಯುವ ತೊಟ್ಟಿಯೂ ಬೇರೆ. ಮಾಂಸದ ತಟ್ಟೆಗೆ ನಾನು ಮೊಸರು ಸುರಿದುಬಿಟ್ಟಿದ್ದೆ. ನಮ್ಮ ಅತ್ತೆಯ ಮಡಿಯನ್ನು ಇಪ್ಪತ್ತು ವರ್ಷ ಅನುಭವಿಸಿದವಳಿಗೆ ಇದು ಅರ್ಥವಾಗುವುದು ತಡವಾಗಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯ ಆಚಾರ ನೋಡಿಕೊಳ್ಳುವ ಗಡ್ಡದ ಮನುಷ್ಯ ಬಂದ. ಬಯ್ಯುತ್ತಾನೆ ಅಂತ ನಾನು ತಲೆ ತಗ್ಗಿಸಿದೆ. ಅವನು ಬಯ್ಯಲಿಲ್ಲ, ಪಕ್ಕದ ಕುರ್ಚಿ ಎಳೆದುಕೊಂಡು ಕೂತು ಪ್ರಶ್ನೆ ಕೇಳತೊಡಗಿದ. ಅನ್ನ ಬಿಸಿಯಿತ್ತಾ? ಆರಿತ್ತು. ಈ ತಟ್ಟೆಯಲ್ಲಿ ಕೋಳಿ ಹಾಕಿಸಿಕೊಂಡಿದ್ದೆಯಾ? ಇಲ್ಲ ಸ್ವಾಮಿ, ಇವತ್ತು ಸೋಮವಾರ. ಮೊಸರು? ತಣ್ಣಗಿತ್ತು. ಪ್ರತಿ ಉತ್ತರಕ್ಕೂ ಅವನ ಮುಖ ಒಂದೊಂದು ಸುತ್ತು ಬೆಳಗುತ್ತಾ ಬಂತು. ಕೊನೆಗೆ ಗಡ್ಡ ನೀವಿಕೊಂಡು ಏನೋ ಹೇಳಿ ನಕ್ಕ. ಎಲ್ಲವೂ ತಣ್ಣಗಿದ್ದುದರಿಂದ ತಟ್ಟೆ ಕೆಟ್ಟಿಲ್ಲ, ತೊಳೆದರೆ ಸಾಕು ಅಂತ ಮಿರಿಯಮ್ ತಿಳಿಸಿದರು. ಪರೀಕ್ಷೆಯಲ್ಲಿ ಅವನೇ ಪಾಸಾದಷ್ಟು ಸಂತೋಷ ಆ ಮನುಷ್ಯನಿಗೆ. ನನಗೆ ಕಾಗದದ ತಟ್ಟೆ ಕೊಟ್ಟು ಹೊರಗಿನ ಜಗುಲಿಯಲ್ಲಿ ಕೂರಿಸಿದ.

ಊಟವಾದ ಮೇಲೆ ಮಿರಿಯಮ್ ನನ್ನ ಪಕ್ಕ ಬಂದು ಕೂತರು. ನಂಜಮ್ಮನ ಡಬ್ಬಿ ನೋಡಿ, "ಕೊಂಡಾಟ್ಟಂ!" ಅಂದರು, ಚಿಕ್ಕ ಹುಡುಗಿಯ ದನಿಯಲ್ಲಿ. ಕೊಚ್ಚಿ ಕಡೆ ಮಜ್ಜಿಗೆ ಮೆಣಸಿನಕಾಯಿಗೆ ಅದೇ ಹೆಸರಂತೆ. ಅವರ ಅಜ್ಜಿ ಮನೆಯ ಮುಂದೆ ಮೆಣಸಿನಕಾಯಿ ಒಣಹಾಕಿ ಕಾಗೆ ಕಾಯಲು ಇವರನ್ನು ಕೂರಿಸುತ್ತಿದ್ದರಂತೆ. ಆಗಷ್ಟೇ ಕೋಳಿ ತಿಂದಿದ್ದರಿಂದ ಮಜ್ಜಿಗೆ ಸೇರಿದ್ದನ್ನು ತಿನ್ನುವಂತಿರಲಿಲ್ಲ. ಒಂದನ್ನು ಕೈಗೆತ್ತಿಕೊಂಡು ಕಣ್ಣು ಮುಚ್ಚಿ ಮೂಸಿದರು. ಸೀನಲಿಲ್ಲ.

"ಆ ಮನುಷ್ಯ ಅಷ್ಟೊಂದು ಪ್ರಶ್ನೆ ಯಾಕ್ ಕೇಳಿದ?" ಅಂತ ವಿಚಾರಿಸಿದೆ.

"ತಟ್ಟೆಯನ್ನ ಉಳಿಸೋಕೆ ದಾರಿ ಇದೆಯಾ ಅಂತ ನೋಡ್ತಿದ್ದ," ಅಂದರು. "ಕೆಟ್ಟಿತು ಅಂತ ಹೇಳೋಕೆ ಒಂದು ನಿಮಿಷ ಸಾಕಾಗಿತ್ತು."

ಬೇತ್ ಶೆಆರೀಂ: ಅರ್ಧ ಕಣ

ಮಾರನೆಯ ದಿನ ನಮ್ಮನ್ನು ಒಂದು ಗುಡ್ಡಕ್ಕೆ ಕರೆದೊಯ್ದರು. ಗುಡ್ಡದ ಹೊಟ್ಟೆಯಲ್ಲಿ ಸುಣ್ಣಕಲ್ಲು ಕಡಿದು ಮಾಡಿದ ಗುಹೆಗಳು, ಒಳಗೆ ಕಲ್ಲಿನ ದೊಡ್ಡ ದೊಡ್ಡ ಶವಪೆಟ್ಟಿಗೆಗಳು. ಗುಂಪಿನವರೆಲ್ಲ ಫೋಟೋ ತೆಗೆಯುತ್ತಿದ್ದರೆ ಸಿಸ್ಟರ್ ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದರು. ಅವರಪ್ಪ ಗಣಿಯಲ್ಲಿ ಹಾಗೆ ಮಾಡುತ್ತಿದ್ದರಂತೆ. "ಗಟ್ಟಿ ಇದೆ ಮಾ, ಭಯ ಬೇಡ," ಅಂತ ಗುಂಪಿಗೆಲ್ಲ ಅಭಯ ಕೊಟ್ಟರು.

ಇಲ್ಲಿ ಮಲಗಿರುವವರಲ್ಲಿ ಹಳೆಯ ಕಾಲದ ಯಹೂದಿಗಳ ಮಹಾಸಭೆಯ ಮುಖ್ಯಸ್ಥರೂ ಇದ್ದಾರೆ ಅಂದರು ಮಿರಿಯಮ್. ಆ ಸಭೆಯ ಹೆಸರು ಸನ್ಹೆದ್ರಿನ್. ಎಪ್ಪತ್ತೊಂದು ಜನ ಯಜಮಾನರು. ಧರ್ಮ ಹೇಳುವವರೂ ಅವರೇ, ನ್ಯಾಯ ಹೇಳುವವರೂ ಅವರೇ. ಮೊದಲು ಜೆರುಸಲೇಮಿನ ದೇವಾಲಯದಲ್ಲಿ ಕಡಿದ ಕಲ್ಲಿನ ಒಂದು ಹಜಾರದಲ್ಲಿ ಕೂರುತ್ತಿದ್ದರಂತೆ. ರೋಮಿನವರು ದೇವಾಲಯ ಕೆಡವಿದ ಮೇಲೆ ಊರಿಂದೂರಿಗೆ ಗಂಟುಮೂಟೆ ಕಟ್ಟಿಕೊಂಡು ಈ ಗುಡ್ಡದ ಊರಿಗೂ ಬಂದು, ಕೊನೆಗೆ ನಾನು ಮೊಸರು ಸುರಿದ ಊರಾದ ತಿಬೇರಿಯಾದಲ್ಲಿ ಮುಗಿದರು.

ಗುಹೆಯ ಮೇಲ್ಗಡೆ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಕಲ್ಲುಗಳಿದ್ದವು. ಬಿಸಿಲಿಗೆ ಸುಸ್ತಾದ ನಮ್ಮನ್ನು ಅಲ್ಲಿ ಕೂರಿಸಿ ಮಿರಿಯಮ್ ಎದುರಿಗೆ ನಿಂತರು.

"ಅವರು ಹೇಗೆ ಕೂರ್ತಿದ್ರು ಅಂದ್ರೆ, ದುಂಡಗಿನ ಕಣ ಇರುತ್ತಲ್ಲ, ಅದರ ಅರ್ಧದ ಹಾಗೆ. ಪ್ರತಿಯೊಬ್ಬರಿಗೂ ಪ್ರತಿಯೊಬ್ಬರ ಮುಖ ಕಾಣಬೇಕು."

ಕಣ ಅನ್ನುವ ಮಾತು ಆ ಪರದೇಶದ ಗುಡ್ಡದ ಮೇಲೆ ಕೇಳಿ ನನ್ನ ಕಿವಿ ನೆಟ್ಟಗಾಯಿತು. ನಾನು ಮದುವೆಯಾಗಿ ಬಂದಾಗ ನಮ್ಮ ಹೊಲದಲ್ಲೂ ಸಗಣಿ ಸಾರಿಸಿದ ದುಂಡು ಕಣವಿತ್ತು. ಈಗ ಎಲ್ಲರ ಕಣವೂ ಟಾರು ರಸ್ತೆಯೇ. ರಾಗಿ ತೆನೆಯನ್ನು ಬಸ್ಸು ತುಳಿಯುತ್ತದೆ.

ಮಿರಿಯಮ್ ಹೇಳುತ್ತಾ ಹೋದರು. ಒಬ್ಬ ಮನುಷ್ಯನ ಪ್ರಾಣದ ವಿಚಾರಣೆ ಬಂದಾಗ ಎಲ್ಲರಿಗಿಂತ ಚಿಕ್ಕವರು ಮೊದಲು ಮಾತಾಡಬೇಕು. ದೊಡ್ಡವರು ಮೊದಲು ಮಾತಾಡಿಬಿಟ್ಟರೆ ಚಿಕ್ಕವರ ಬಾಯಿ ಏಳುವುದಿಲ್ಲ. ತಪ್ಪಿಲ್ಲ ಅನ್ನುವ ತೀರ್ಮಾನ ಅವತ್ತೇ ಹೇಳಬಹುದು, ತಪ್ಪಿದೆ ಅನ್ನುವ ತೀರ್ಮಾನವನ್ನು ಮಾರನೆಯ ದಿನದವರೆಗೆ ತಡೆಯಬೇಕು.

"ಎಲ್ಲರೂ ಒಂದೇ ಬಾಯಲ್ಲಿ ತಪ್ಪು ಅಂದ್ರೆ?" ಅಂತ ಸಿಸ್ಟರ್ ಕೇಳಿದರು.

"ಆಗ ಅವನನ್ನ ಬಿಟ್ಟುಬಿಡಬೇಕು."

ಗುಂಪಿನಲ್ಲಿ ನಗು ಎದ್ದಿತು. ಎಲ್ಲರೂ ನಕ್ಕು ಮುಗಿಸಲು ಬಿಟ್ಟು ಮಿರಿಯಮ್ ಹೇಳಿದರು. "ಅಷ್ಟು ಜನರಲ್ಲಿ ಒಬ್ಬರಿಗೂ ಅವನ ಪರವಾಗಿ ಒಂದು ಮಾತು ಹೊಳೀಲಿಲ್ಲ ಅಂದ್ರೆ, ಅವರು ಅವನ ಬಗ್ಗೆ ಯೋಚನೆಯೇ ಮಾಡಿಲ್ಲ ಅಂತ. ಇದೆಲ್ಲ ನಿಜವಾಗಿ ಹೀಗೇ ನಡೀತಿತ್ತೋ, ಹೀಗೆ ನಡೀಬೇಕು ಅಂತ ಆಮೇಲಿನವರು ಆಸೆಪಟ್ಟು ಹೇಳಿದ್ದೋ, ಪಂಡಿತರು ಇವತ್ತಿಗೂ ಜಗಳ ಆಡ್ತಾರೆ."

ನನಗೆ ನಗು ಬರಲಿಲ್ಲ. ಬಾಗಿಲ ಪಕ್ಕದ ಕುರ್ಚಿ ಕಣ್ಣ ಮುಂದೆ ಬಂತು. ಬಾವನ ಸಾಲು ಬಂತು. ಚೀಲದಲ್ಲಿದ್ದ ನಂಜಮ್ಮನ ಡಬ್ಬಿ ನನ್ನ ತೊಡೆಗೆ ಒತ್ತುತ್ತಿತ್ತು. ಈ ನಿಯಮ ಪ್ರಾಣದ ವಿಷಯಕ್ಕೆ, ನಮ್ಮದು ಹಾಲಿನ ವಿಷಯ ಅಂತ ಮನಸ್ಸಿಗೆ ಸಮಾಧಾನ ಹೇಳಿದೆ. ಅದು ಕೇಳಲಿಲ್ಲ.

ಜೆರುಸಲೇಮ್: ಗುಂಡಿಯೊಳಗೆ ಸಿಸ್ಟರ್

ಸಿಸ್ಟರಿಗೆ ಮಾತ್ರ ಈ ಮಹಾಸಭೆಯ ಮೇಲೆ ಒಳಗೊಳಗೇ ಸಿಟ್ಟಿತ್ತು. ಯೇಸುವನ್ನು ಹಿಡಿದು ನಿಲ್ಲಿಸಿದ್ದು ಈ ಸಭೆಯ ಮುಂದೆಯೇ ಅಂತ ಅವರು ಚಿಕ್ಕಂದಿನಿಂದ ಕೇಳಿದವರು. ಜೆರುಸಲೇಮಿನಲ್ಲಿ ಆಗಿನ ಮಹಾಯಾಜಕನ ಮನೆಯಿದ್ದ ಜಾಗ ಅಂತ ನಂಬುವ ಕಡೆ ಒಂದು ಚರ್ಚಿದೆ. ಅದರ ಕೆಳಗೆ ಬಂಡೆ ಕೊರೆದ ಬಾವಿಯಂಥ ಗುಂಡಿ. ವಿಚಾರಣೆಯ ರಾತ್ರಿ ಯೇಸುವನ್ನು ಅದರೊಳಗೆ ಇಳಿಸಿದ್ದರು ಅನ್ನುತ್ತಾರೆ. ಈಗ ಮೆಟ್ಟಿಲಿದೆ. ನಾವು ಇಳಿದೆವು.

ಕೆಳಗೆ ತಂಪು, ಮಬ್ಬು ಬೆಳಕು. ಸಿಸ್ಟರ್ ಬಂಡೆಗೆ ಅಂಗೈ ಒತ್ತಿ ನಿಂತರು. ಪ್ರಾರ್ಥನೆ ಮಾಡುತ್ತಾರೆ ಅಂದುಕೊಂಡರೆ ಅಪ್ಪನನ್ನು ನೆನೆಯುತ್ತಿದ್ದರು.

"ನಮ್ಮಪ್ಪ ದಿನಾ ಇಂಗೇ ಇಳೀತಿದ್ರು ಮಾ. ಮೇಲಕ್ ಬರೋ ತನ್ಕ ಅಮ್ಮ ಒಲೆ ಹಚ್ತಿರಲಿಲ್ಲ." ಆಮೇಲೆ ಮಿರಿಯಮ್ ಕಡೆ ತಿರುಗಿ ಒಂದೇ ಸಲಕ್ಕೆ ಕೇಳಿಬಿಟ್ಟರು. "ನಿಮ್ಮೋರ ಕಾನೂನು ಅಷ್ಟೊಂದು ಚೆಂದ ಇತ್ತಲ್ಲ, ನಮ್ ಯೇಸಪ್ಪಂಗೆ ಯಾಕ್ ಅಂಗ್ ಮಾಡಿದ್ರು?"

ಗುಂಪಿನವರು ಮೇಲೆ ಹೋಗಿಯಾಗಿತ್ತು. ನಾನು ಎಲ್ಲಿ ನೋಡಬೇಕೋ ತಿಳಿಯದೆ ಮೆಟ್ಟಿಲು ನೋಡಿದೆ.

"ನನಗೆ ಗೊತ್ತಿಲ್ಲ," ಅಂದರು ಮಿರಿಯಮ್. "ಕೂತವರು ತಮ್ಮದೇ ನಿಯಮ ಮುರಿದರು ಅಂತಾರೆ. ಅದು ಪೂರಾ ಸಭೆಯೇ ಅಲ್ಲ ಅಂತಾರೆ. ಶಿಲುಬೆಗೆ ಹಾಕಿದ್ದು ರೋಮಿನವರು ಅಂತಾರೆ. ಒಂದು ಮಾತ್ರ ಗೊತ್ತು. ಆ ಒಂದು ರಾತ್ರಿಯ ಹೆಸರು ಹೇಳಿ ನಮ್ಮ ಎಷ್ಟೋ ತಲೆಮಾರುಗಳನ್ನ ಹೊಡೆದಿದ್ದಾರೆ. ಹೊಡೆಯೋ ಮುಂಚೆ ಅವರನ್ನ ಯಾರೂ ಯಾವ ಕಣದಲ್ಲೂ ಕೂರಿಸಿ ವಿಚಾರಿಸಲಿಲ್ಲ."

ಮೆಟ್ಟಿಲು ಹತ್ತುವಾಗ ಮಿರಿಯಮ್ ಮಂಡಿ ಹಿಡಿದುಕೊಂಡು ಏದುಸಿರು ಬಿಟ್ಟರು. ಸಿಸ್ಟರ್ ನಿಂತು, ಅವರ ಕೈಯನ್ನು ತಮ್ಮ ತೋಳಿಗೆ ಹಾಕಿಕೊಂಡು, "ಮೆಲ್ಲ ಬಾ ಅಮ್ಮಾ, ಮಂಡಿ ನೋವಿಗೆ ನನ್ನತ್ರ ಎಣ್ಣೆ ಇದೆ," ಅಂದರು. ನನ್ನ ಹೆರಿಗೆ ಮಾಡಿಸಿದಾಗಲೂ ಇದೇ ದನಿ. ಆ ಕ್ಷಣ ಇಬ್ಬರ ಮೇಲೂ ನನಗೆ ತುಂಬಾ ಪ್ರೀತಿ ಬಂತು.

ಜೆರುಸಲೇಮ್: ಶನಿವಾರ

ಶನಿವಾರ ಅಲ್ಲಿ ಊರೇ ಉಸಿರು ಬಿಗಿಹಿಡಿದು ಕೂರುತ್ತದೆ. ಅಂಗಡಿಯಿಲ್ಲ, ಬಸ್ಸಿಲ್ಲ. ಅವತ್ತು ಅವರು ಸ್ವಿಚ್ಚು ಒತ್ತುವ ಹಾಗಿಲ್ಲವಾದ್ದರಿಂದ ಹೋಟೆಲಿನ ಲಿಫ್ಟು ತಾನಾಗಿಯೇ ಪ್ರತಿ ಮಹಡಿಯಲ್ಲೂ ನಿಂತು ನಿಂತು ಹೋಗುತ್ತದೆ. ಇದು ಗೊತ್ತಿಲ್ಲದೆ ಸಿಸ್ಟರೂ ನಾನೂ ಒಂದೊಂದು ಗುಂಡಿಯನ್ನೂ ಕುಟ್ಟುತ್ತಾ, ಪ್ರತಿ ಮಹಡಿಯವರಿಗೂ ನಮಸ್ಕಾರ ಮಾಡುತ್ತಾ, ತುದಿಯವರೆಗೆ ಹೋಗಿ ಮತ್ತೆ ಕೆಳಗೆ ಬಂದೆವು. ಬೇತಮಂಗಲದ ಬಸ್ಸೂ ಇಷ್ಟು ಕಡೆ ನಿಲ್ಲುವುದಿಲ್ಲ.

ಲಿಫ್ಟಿನಿಂದ ಹೊರಬೀಳುವುದಕ್ಕೂ ಬಾವನ ಫೋನು ಬರುವುದಕ್ಕೂ ಸರಿಹೋಯಿತು. ಊರಲ್ಲಿ ಸಂಜೆಯ ಹಾಲು ಹಾಕುವ ಹೊತ್ತು, ಜೆರುಸಲೇಮಿನಲ್ಲಿ ನಡು ಮಧ್ಯಾಹ್ನ. ಹಬ್ಬದ ಬಟ್ಟೆಯಲ್ಲಿ ಕೂತಿದ್ದವರೆಲ್ಲ ನನ್ನ ಫೋನಿನ ಭಜನೆ ಕೇಳಿ ತಿರುಗಿ ನೋಡಿದರು. ನಾನು ಬೀದಿಗೆ ಓಡಿ ಒಂದು ಕಲ್ಲುಕಟ್ಟೆಯ ಮೇಲೆ ಕೂತೆ.

"ಜಯಮ್ಮಾ, ಎಲ್ರೂ ಕೂತವ್ರೆ. ಸ್ಪೀಕರ್‍ಗೆ ಆಕಿದೀನಿ. ನಂಜಮ್ಮನ್ ಎಸ್ರು ತೆಗ್ಯೋದು ಅಂತ ಆಗದೆ. ನಿಂದೂ ಊಂ ತಾನೆ?"

ಮದುವೆಯಾಗಿ ಬಂದಾಗಿನಿಂದ ಬಾವನ ಮಾತಿಗೆ ನಾನು ಇಲ್ಲ ಅಂದವಳಲ್ಲ. ಅವರ ಎದುರು ಕುರ್ಚಿಯ ಮೇಲೆ ಕೂರಲು ಕಲಿತದ್ದೇ ಡೇರಿಗೆ ಸೇರಿದ ಮೇಲೆ.

"ಇಲ್ಲ ಬಾವ," ಅಂದೆ.

"ಆಂ? ಕೇಳಿಸ್ಲಿಲ್ಲ."

"ನಂದು ಇಲ್ಲ, ಬಾವ."

ಆ ಕಡೆ ಯಾರೋ ಕೆಮ್ಮಿದರು. ಬಾವ ಕೇಳಿದರು. "ಅಂಗಾರೆ ಅವ್ಳು ನೀರು ಆಕಿಲ್ಲ ಅಂತೀಯಾ?"

"ಆಕವ್ಳೆ ಅಂತ್ಲೇ ನಂಗೂ ಅನ್ಸ್ತದೆ. ನಿಮ್ಗೂ ಅನ್ಸ್ತದೆ. ಎಲ್ರಿಗೂ ಅನ್ಸ್ತದೆ. ಅದಕ್ಕೇ ಬ್ಯಾಡ ಅಂತಿದೀನಿ."

ಬಾವ ನಿಜವಾದ ಕಾಳಜಿಯಿಂದ ಕೇಳಿದರು. "ಅಲ್ಲಿ ಬಿಸ್ಲು ಜಾಸ್ತೀನಾ ಅಮ್ಮ? ಸಿಸ್ಟರಮ್ಮನ ಕೈಗೆ ಕೊಡು ಫೋನು."

ಫೋನು ತೆಗೆದುಕೊಂಡ ಸಿಸ್ಟರ್, "ಜ್ವರ ಗಿರ ಏನಿಲ್ಲ ಗೌಡ್ರೇ, ತಲೆ ಚೆನ್ನಾಗೇ ಅದೆ. ಅವ್ಳು ಬರೋ ತನ್ಕ ತಡೀರಿ," ಅಂತ ವಾರ್ಡಿನಲ್ಲಿ ಹೇಳುವ ಹಾಗೆ ಹೇಳಿ ಫೋನು ಆರಿಸಿಬಿಟ್ಟರು. ಇನ್ನು ಆ ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗುವುದು ಅಂತ ಅಳು ಬಂತು. ಸಿಸ್ಟರ್ ಬಯ್ಯಲಿಲ್ಲ. ಆ ಪ್ರವಾಸದಲ್ಲಿ ಅವರು ಬಯ್ಯದೆ ಬಿಟ್ಟ ಒಂದೇ ಸಂದರ್ಭ ಅದು.

ಹೊರಡುವ ದಿನ ಮಿರಿಯಮ್‌ಗೆ ನಂಜಮ್ಮನ ಡಬ್ಬಿಯನ್ನು ಕೊಟ್ಟೆ. ಅವರ ಆಚಾರಕ್ಕೆ ಅದು ನಡೆಯುತ್ತದೋ ಇಲ್ಲವೋ ನಾನು ಕೇಳಲಿಲ್ಲ. "ತಿನ್ನದಿದ್ರೂ ಆಯ್ತು, ಮೂಸಿ," ಅಂದೆ. ಅವರು ಡಬ್ಬಿಯನ್ನು ಎದೆಗೆ ಒತ್ತಿಕೊಂಡರು.

ನಮ್ಮೂರು: ಇನ್ನರ್ಧ ಕಣ

ಬಾವ ತೀರ್ಮಾನವನ್ನು ತಡೆದಿದ್ದರು. ನನ್ನ ಮೇಲಿನ ಪ್ರೀತಿಯಿಂದಲ್ಲ, ಒಮ್ಮತ ಕೆಡುತ್ತದೆ ಅಂತ. ನನ್ನ ಜೊತೆ ಮಾತು ಬಿಟ್ಟಿದ್ದರು. ಮನೆಗೆ ತಂದ ಖರ್ಜೂರವನ್ನು ಓರಗಿತ್ತಿಯ ಕೈಲಿ ಇಸಿದುಕೊಂಡು ತಿಂದರು.

ಸಭೆಯ ದಿನ ನಾನು ಮೊದಲೇ ಹೋಗಿ ಡೇರಿಯ ಕುರ್ಚಿಗಳನ್ನು ಸಾಲಿನಿಂದ ಎಳೆದು ಅರ್ಧ ಸುತ್ತಿನಲ್ಲಿ ಹಾಕಿದೆ. ಬಂದವರು ಎಲ್ಲಿ ಕೂರಬೇಕೋ ತಿಳಿಯದೆ ಮದುವೆ ಮನೆಗೆ ತಪ್ಪಿ ಬಂದವರಂತೆ ನಿಂತರು. ತೆರೆದ ಕಡೆ ಇನ್ನೊಂದು ಕುರ್ಚಿ ಹಾಕಿದೆ.

"ಅದು ಯಾರಿಗೆ?" ಅಂದರು ಬಾವ. ನನ್ನೊಡನೆ ಆಡಿದ ಮೊದಲ ಮಾತು.

"ನಂಜಮ್ಮಂಗೆ. ಅವ್ಳು ಓದ ಸಲಾನೂ ಓರ್ಗಡೆ ನಿಂತಿದ್ಲಂತೆ ಬಾವ. ಒಳಕ್ಕೆ ಕರ್ದೋರು ಯಾರೂ ಇಲ್ಲ."

ನಂಜಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಹಾಕಿಲ್ಲ ಅನ್ನುತ್ತಾಳೆ, ಆಗ ನನ್ನ ಮಾನವೂ ಉಳಿಯುತ್ತದೆ ಅಂತ ನಾನು ಕಾದಿದ್ದೆ.

"ನೀರು ಆಕಿದ್ದು ನಾನೇ," ಅಂದಳು.

ಬಾವ ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ. ಆದರೂ ಆ ಗಡ್ಡದವನನ್ನು ನೆನೆದು, ಅನ್ನ ಬಿಸಿಯಿತ್ತಾ ಅನ್ನುವ ಹಾಗೆಯೇ ಕೇಳಿದೆ. "ಯಾಕಮ್ಮ?"

"ಅಸು ಗಬ್ಬ, ಏಳು ತುಂಬೋಯ್ತು. ಆಲು ಬತ್ತಿಸ್ಬೇಕಲ್ಲಕ್ಕಾ, ಇಲ್ದಿದ್ರೆ ಒಟ್ಟೇಲಿರೋ ಕರು ಸೊರಗ್ತದೆ. ನಾನು ಇಂಡೋದೇ ಬಿಟ್ಬುಟ್ರೆ ಎರಡು ತಿಂಗ್ಳು ಡೇರಿಗೆ ಆಲಿಲ್ಲ. ಎರಡು ತಿಂಗ್ಳು ಆಕ್ದೆ ಓದ್ರೆ ಎಸ್ರು ತೆಗೀತೀರ. ಅದ್ಕೇ ಒಂದು ಲೋಟ ಇಂಡಿ, ಇನ್ನೊಂದು ಲೋಟ..." ಅವಳು ಮುಗಿಸಲಿಲ್ಲ. "ಯಾಕೆ ಅಂತ ಯಾರೂ ಕೇಳ್ಲಿಲ್ಲ. ನಾನಾಗೇ ಏಳಕ್ಕೆ ಬಾಯ್ ಬರ್ಲಿಲ್ಲ."

ಸತತ ಎರಡು ತಿಂಗಳು ಹಾಲು ಹಾಕದವರ ಹೆಸರು ತೆಗೆಯುವ ನಿಯಮ ನಮ್ಮದೇ. ಒಮ್ಮತದಿಂದ ಮಾಡಿದ್ದು. ನಾನೂ ಬಾಗಿಲ ಪಕ್ಕದಿಂದ ಹೂಂ ಅಂದಿದ್ದೆ. ಅರ್ಧ ಸುತ್ತಿನಲ್ಲಿ ಕೂತಿದ್ದರಿಂದ ಎಲ್ಲರಿಗೂ ಎಲ್ಲರ ಮುಖ ಕಾಣುತ್ತಿತ್ತು. ನಮ್ಮಲ್ಲಿ ಒಬ್ಬರ ಮನೆಯಲ್ಲೂ ಎರಡಕ್ಕಿಂತ ಕಡಿಮೆ ಹಸುವಿಲ್ಲ. ಒಂದು ಬತ್ತಿದರೆ ಇನ್ನೊಂದು ಕರೆಯುತ್ತದೆ. ಒಂದೇ ಹಸು ಇರುವವಳ ಮನೆಯಲ್ಲಿ ಆ ಎರಡು ತಿಂಗಳು ಏನಾಗುತ್ತದೆ ಅಂತ ನಮಗೆ ಹೊಳೆದೇ ಇರಲಿಲ್ಲ.

ಹೋದ ವರ್ಷವಷ್ಟೇ ಕಮಿಟಿಗೆ ಸೇರಿದ, ಎಲ್ಲರಿಗಿಂತ ಚಿಕ್ಕವನಾದ ಮಂಜುನಾಥನನ್ನು ಮೊದಲು ಕೇಳೋಣ ಅಂದೆ. ಅವನು ಬಾವನ ಮುಖ ನೋಡಿ, ನೆಲ ನೋಡಿ, ಕೊನೆಗೆ ಹೇಳಿದ. "ಗಬ್ಬದ ಅಸು ಇರೋರ್ಗೆ ನಿಯಮ ಬ್ಯಾಡ. ಎಸ್ರು ಇರ್ಲಿ. ಕರು ಆಕೋ ತನ್ಕ ಕ್ಯಾನು ತರೋದು ಬ್ಯಾಡ." ಉಳಿದವರ ಬಾಯಿ ಒಂದೊಂದಾಗಿ ಎದ್ದಿತು. ಒಬ್ಬರು ಮಾತ್ರ ಒಪ್ಪಲಿಲ್ಲ. ನೀರು ನೀರೇ, ನಂದು ಬ್ಯಾಡ ಅಂತ ಬರ್ಕೊಳ್ಳಿ ಅಂದರು ಬಾವ. ನಮ್ಮ ಡೇರಿಯ ಒಮ್ಮತ ಮುರಿದದ್ದು ಕೊನೆಗೆ ಅವರಿಂದಲೇ.

ನಂಜಮ್ಮನ ಹಸು ಹೆಣ್ಣು ಕರು ಹಾಕಿತು. ಆ ವಾರ ನಾನು ಬಾವನ ಮನೆ ಜಗುಲಿಯಲ್ಲಿ ಓರಗಿತ್ತಿಯ ಜೊತೆ ಅವರೆಕಾಯಿ ಸುಲಿಯುತ್ತಿದ್ದಾಗ ನಂಜಮ್ಮ ಬಟ್ಟಲಲ್ಲಿ ಗಿಣ್ಣು ತಂದಳು. ಬಾವನ ಮುಂದಿಟ್ಟು ಕಂಬದ ಪಕ್ಕ ನಿಂತಳು. ಬಾವ ಬಟ್ಟಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದರು. ಓರೆ ಮಾಡಿದರು. ಅಲುಗಲಿಲ್ಲ. ಪೂರಾ ಬೋರಲು ಮಾಡಿದರು. ಗಿಣ್ಣು ಬಟ್ಟಲಿಗೆ ಅಂಟಿಕೊಂಡೇ ಇತ್ತು.

"ಒಂದು ತೊಟ್ಟೂ ಆಕಿಲ್ಲ ಕಣಪ್ಪೋ," ಅಂದಳು ನಂಜಮ್ಮ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು.

ಬಾವ ನಗಲಿಲ್ಲ. ಒಂದು ತುಂಡು ಕತ್ತರಿಸಿ, ಬಾಯಿಗೆ ಇಟ್ಟುಕೊಳ್ಳಲು ಹೋದವರು ನಿಲ್ಲಿಸಿ, ಬಟ್ಟಲನ್ನು ನನ್ನ ಕಡೆ ತಳ್ಳಿದರು.

"ಮೊದ್ಲು ನೀನು ಏಳಮ್ಮ."

ನಾನು ತಿಂದೆ. ಬಿಸಿಬಿಸಿಯಾಗಿ, ಏಲಕ್ಕಿ ಘಮಘಮ ಅನ್ನುತ್ತಿತ್ತು. "ಚೆನ್ನಾಗದೆ," ಅಂದೆ. "ಬೆಲ್ಲ ಒಸಿ ಕಮ್ಮಿ, ಬಾವ."

ಬಾವ ಒಂದು ತುಂಡು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದರು.

"ಊಂ," ಅಂದರು.